ಮೂವತ್ತೊಂದನೇ ಪುಟದ ಚುಕ್ಕಿ

ಆ ಮನೆಯ ಹಜಾರದಲ್ಲಿ ಒಂದು ಬೆಂಚಿತ್ತು. ಅದರ ಮೇಲಿಂದ ಏಳುವವರು "ಏಳ್ತೀನಿ" ಅಂತ ಬಾಯಿಬಿಟ್ಟು ಹೇಳಿಯೇ ಏಳಬೇಕು, ಅದು ಮನೆಯ ಕಾನೂನು. ಬೆಂಚು ಮಾಡಿದವನು ಮನೆಯ ಯಜಮಾನ. ಶಾಲೆಯಲ್ಲಿ ಇತಿಹಾಸ ಪಾಠ ಹೇಳುವ ಮನುಷ್ಯನಿಗೆ ರಜೆ ಬಂದರೆ ಗರಗಸ ಹಿಡಿಯುವ ಹುಚ್ಚು. ಓಡಾಡುವವರು ಎಡವದಿರಲಿ ಅಂತ ಬೆಂಚಿನ ಕಾಲುಗಳನ್ನು ಎರಡೂ ತುದಿಯಿಂದ ಒಳಕ್ಕೆ, ತೀರಾ ಒಳಕ್ಕೆ ಇಟ್ಟುಬಿಟ್ಟಿದ್ದ. ಎರಡು ತುದಿಗೆ ಇಬ್ಬರು ಕೂತರೆ ಏನೂ ತಕರಾರಿಲ್ಲ. ಒಬ್ಬರು ಹೇಳದೆ ಎದ್ದರೆ ಇನ್ನೊಬ್ಬರು ನೆಲದ ಮೇಲೆ.

"ಎಂಜಿನಿಯರ್ ಸೊಸೆ ಇರೋ ಮನೇಲಿ ನೆಟ್ಟಗೆ ಕೂರೋಕೆ ಒಂದು ಬೆಂಚಿಲ್ಲ," ಅಂತ ಅವನ ಅಮ್ಮ, ಅಂದರೆ ಅತ್ತೆ, ಬಂದವರ ಮುಂದೆಲ್ಲ ಹೇಳುತ್ತಿದ್ದರು. "ಈ ಭಾನುವಾರ ಸರಿ ಮಾಡಿಸ್ತೀನಿ ಅತ್ತೆ," ಅಂತ ಸೊಸೆ ಅನ್ನುತ್ತಿದ್ದಳು. ಹನ್ನೊಂದು ವರ್ಷದ ಭಾನುವಾರಗಳು ಹಾಗೇ ಕಳೆದಿದ್ದವು. ಅಷ್ಟರಲ್ಲಿ ಮನೆಯವರಿಗೆಲ್ಲ ಆ ಮಾತು ಎಷ್ಟು ರೂಢಿಯಾಗಿತ್ತೆಂದರೆ, ಬಸ್ಸಿನ ಸೀಟಿನಿಂದ ಏಳುವಾಗಲೂ "ಏಳ್ತೀನಿ" ಅಂದುಬಿಟ್ಟು ಪಕ್ಕದ ಪ್ರಯಾಣಿಕರನ್ನು ತಬ್ಬಿಬ್ಬು ಮಾಡುತ್ತಿದ್ದರು.

ಆ ಶನಿವಾರ ಬೆಳಿಗ್ಗೆ ಸೊಸೆ ಬೆಂಚಿನ ಒಂದು ತುದಿಯಲ್ಲಿ ಕೂತು ಭಾಷಣ ಬರೆಯುತ್ತಿದ್ದಳು. ಇನ್ನೊಂದು ತುದಿಯಲ್ಲಿ ಅತ್ತೆ ಬೀನ್ಸಿನ ನಾರು ಬಿಡಿಸುತ್ತಿದ್ದರು. ಸಂಜೆ ನಾಲ್ಕಕ್ಕೆ ಕಾಲೇಜಿನ ಸಭಾಂಗಣದಲ್ಲಿ ಮೇಷ್ಟ್ರ ನೆನಪಿನ ಸಭೆ. ಅವರು ಹೋಗಿ ಮೂರು ವಾರವಾಗಿತ್ತು. ಮೂವತ್ತೈದು ವರ್ಷ ಸಿವಿಲ್ ಎಂಜಿನಿಯರಿಂಗ್ ಪಾಠ ಹೇಳಿದ ಮೇಷ್ಟ್ರಿಗೆ ಅವರ ಶಿಷ್ಯರಲ್ಲಿ ಹೆಸರು ಮಾಡಿದ ಇವಳೇ ಮಾತಾಡಬೇಕು ಅಂತ ಎಲ್ಲರೂ ಸೇರಿ ಗಂಟುಬಿದ್ದಿದ್ದರು. ಹೂಂ ಅಂದಿದ್ದಳು. ಈಗ ನೋಡಿದರೆ ಮೂರು ಸಾಲು ಬರೆಯುವುದು, ಎರಡು ಸಾಲು ಹೊಡೆದು ಹಾಕುವುದು, ಇದೇ ಆಗಿತ್ತು. 'ಮೇಷ್ಟ್ರು ದೇವರಂಥವರು' ಅಂತ ಬರೆದು ತನಗೇ ನಾಚಿಕೆಯಾಗಿ ಅದನ್ನೂ ಹೊಡೆದಳು.

ದೇವರಂಥವರು ಅವರು ಖಂಡಿತ ಆಗಿರಲಿಲ್ಲ. ದೇವರಿಗೆ ಅಷ್ಟು ಹಟ ಇರುವುದಿಲ್ಲ.

ಕಾಲೇಜಿನಲ್ಲಿ ಅವರನ್ನು ಹುಡುಗರು ಚುಕ್ಕಿ ಮೇಷ್ಟ್ರು ಅನ್ನುತ್ತಿದ್ದರು. ಯಾರ ಲೆಕ್ಕದ ಪುಸ್ತಕ ಕೊಟ್ಟರೂ ತಪ್ಪು ಇಲ್ಲಿದೆ ಅಂತ ಬರೆದವರಲ್ಲ, ಗೀಟು ಎಳೆದವರಲ್ಲ. ತಪ್ಪಿರುವ ಪುಟದ ಕೆಳಗಡೆ, ಅಂಚಿನಲ್ಲಿ, ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಡುತ್ತಿದ್ದರು, ಅಷ್ಟೇ. ತಪ್ಪು ಎಲ್ಲಿ, ಎಂಥದು, ಹುಡುಕಿಕೊಂಡು ಬರಬೇಕಾದವರು ಶಿಷ್ಯರು. ಹುಡುಕಿ ಅವರ ಕೋಣೆಗೆ ಹೋಗಿ ಹೇಳಿದರೆ ರಬ್ಬರು ತೆಗೆದು ಚುಕ್ಕಿಯನ್ನು ತಾವೇ ಅಳಿಸುತ್ತಿದ್ದರು. "ನಾನು ಹೇಳಿದ ತಪ್ಪು ನಾಳೆ ಮರ್ತು ಹೋಗುತ್ತೆ. ನೀನೇ ಕಂಡುಹಿಡಿದದ್ದು ಸಾಯೋವರೆಗೂ ನೆನಪಿರುತ್ತೆ," ಅನ್ನುತ್ತಿದ್ದರು. ಎಷ್ಟು ಗೋಗರೆದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಆರು ಗಂಟೆಗೆ ಕಾಲೇಜು ಖಾಲಿಯಾದ ಮೇಲೂ ಚುಕ್ಕಿ ಅಳಿಸಿಸಿಕೊಳ್ಳಲು ಬರುವವರಿಗಾಗಿ ಅವರ ಕೋಣೆಯ ಬಾಗಿಲು ತೆರೆದೇ ಇರುತ್ತಿತ್ತು. ಯಾವನೋ ಒಬ್ಬ ಏಳು ಗಂಟೆಗೆ ಬಂದಾನು ಅಂತ ಮನೆಯ ಊಟ ತಣ್ಣಗಾಗಲು ಬಿಟ್ಟು ಕಾಯುವ ಮೇಷ್ಟ್ರು ಇನ್ನೊಬ್ಬರಿರಲಿಲ್ಲ.

ಇವಳಿಗೆ ಅವರಿಟ್ಟ ಹೆಸರು ಅವಸರ. ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಲೆಕ್ಕ ಮುಗಿಸಿ ಪೆನ್ನಿನ ಮುಚ್ಚಳ ಹಾಕುವವಳು ಇವಳು. "ಏನಮ್ಮ ಅವಸರ, ಬಸ್ ಹಿಡೀಬೇಕಾ?" ಅಂತ ಅವರು ಕೇಳಿದ್ದೇ ಕೇಳಿದ್ದು, ಹೆಸರು ಅಂಟಿಕೊಂಡಿತು.

ಹತ್ತೂವರೆಗೆ ಫೋನು ಬಂತು. ಮೇಷ್ಟ್ರ ಮಗಳು. ಹಲ್ಲಿನ ಡಾಕ್ಟರು, ಮಾತು ಕಡಿಮೆ.

"ಅಕ್ಕಾ, ಅಪ್ಪನ ಮೇಜಿನ ಡ್ರಾಯರಲ್ಲಿ ಒಂದು ಪುಸ್ತಕ ಸಿಕ್ತು. ಯಾರ್ಯಾರ ಚುಕ್ಕಿ ಯಾವ ಪುಟದಲ್ಲಿ ಅಂತ ಬರೆದಿಟ್ಟಿದಾರೆ. ಸರಿಯಾದ ಮೇಲೆ ಅದರ ಮೇಲೆ ಒಂದು ಗೀಟು. ಶಿಷ್ಯರದ್ದು ಸಾವಿರಾರು ಇವೆ, ಎಲ್ಲಕ್ಕೂ ಗೀಟು ಬಿದ್ದಿದೆ. ಒಂದೇ ಒಂದು ಬಿಟ್ಟು."

"ಯಾವ್ದು?"

"'ಅವಸರ, ಮೂವತ್ತೊಂದು' ಅಂತಿದೆ. ಅವಸರ ಅಂದ್ರೆ ನೀವೇ ಅಲ್ವಾ? ಅದೇನು ಅಂತ ಭಾಷಣದಲ್ಲಿ ಹೇಳಿದ್ರೆ ಚೆನ್ನಾಗಿರುತ್ತೆ ಅನ್ನಿಸ್ತು."

"ನೋಡ್ತೀನಮ್ಮ," ಅಂದು ಫೋನಿಟ್ಟಳು.

ನೋಡುವುದೇನು ಬಂತು, ನೆನಪಿದೆಯಲ್ಲ. ಇಪ್ಪತ್ತಾರು ವರ್ಷದ ಹಿಂದಿನ ಮಾತು. ಕೊನೆಯ ವರ್ಷದ ಪ್ರಾಜೆಕ್ಟು, ಕ್ರೀಡಾಂಗಣಕ್ಕೆ ಒಂದು ಗ್ಯಾಲರಿ. ಮೇಷ್ಟ್ರು ಐದು ಚುಕ್ಕಿ ಇಟ್ಟಿದ್ದರು. ನಾಲ್ಕನ್ನು ಎರಡೇ ದಿನದಲ್ಲಿ ಕಂಡುಹಿಡಿದು ಅಳಿಸಿಸಿಕೊಂಡಳು. ಮೂವತ್ತೊಂದನೇ ಪುಟದ ಚುಕ್ಕಿ ಮಾತ್ರ ಕೈಗೆ ಸಿಗಲಿಲ್ಲ. ಕೂಡಿಸಿದ್ದು ಸರಿ, ಗುಣಿಸಿದ್ದು ಸರಿ. ಎರಡು ಸಲ ಅವರ ಕೋಣೆಗೆ ಹೋಗಿ ಬಾಯಿಗೆ ಬಂದದ್ದು ಹೇಳಿ ನೋಡಿದಳು. "ಇನ್ನೊಮ್ಮೆ ನೋಡು," ಅಂದರು. ಮರುದಿನ ಪುಸ್ತಕ ಒಪ್ಪಿಸುವುದಿತ್ತು, ಸೋಮವಾರ ಕೆಲಸಕ್ಕೆ ಸೇರುವುದಿತ್ತು. ಅವತ್ತು ಸಂಜೆ ಹಾಸ್ಟೆಲಿನ ಕೋಣೆಯಲ್ಲಿ ಕೂತು ಚುಕ್ಕಿಯನ್ನು ತಾನೇ ರಬ್ಬರಿನಿಂದ ಉಜ್ಜಿಬಿಟ್ಟಳು.

ಆ ಕಾಲೇಜಿನಲ್ಲಿ ನಕಲು ಹೊಡೆದವರಿದ್ದರು, ಬೇರೆಯವರ ನಕ್ಷೆ ತಂದು ಒಪ್ಪಿಸಿದವರಿದ್ದರು. ಮೇಷ್ಟ್ರ ಚುಕ್ಕಿಯನ್ನು ಅಳಿಸುವ ಧೈರ್ಯ ಯಾರೂ ಮಾಡಿರಲಿಲ್ಲ. ಮರುದಿನ ಅವರು ಪುಟ ತಿರುವುತ್ತಾ ಮೂವತ್ತೊಂದರಲ್ಲಿ ಒಂದು ಗಳಿಗೆ ನಿಂತರು. ಅವಳ ಮುಖ ನೋಡಿದರು. ಸಹಿ ಹಾಕಿದರು. ಮರೆತಿದ್ದಾರೆ ಅಂದುಕೊಂಡಳು ಅವಳು. ಆ ಪ್ರಾಜೆಕ್ಟಿಗೆ ಮೊದಲ ಬಹುಮಾನ ಬಂತು.

ಇಷ್ಟೇ ಆಗಿದ್ದರೆ ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಗಬಹುದಿತ್ತು. ಆದರೆ ಎರಡು ವರ್ಷದ ಹಿಂದೆ ಹೊಸ ಈಜುಕೊಳಕ್ಕೆ ಗ್ಯಾಲರಿ ಮಾಡಿಕೊಡಿ ಅಂತ ಕೆಲಸ ಬಂದಿತ್ತು. ಇಷ್ಟು ವರ್ಷ ನೀರಿನ ಟ್ಯಾಂಕು, ಗೋದಾಮು, ಆಸ್ಪತ್ರೆ ಅಂತ ಮಾಡುತ್ತಿದ್ದವಳಿಗೆ ಗ್ಯಾಲರಿ ಇದೇ ಮೊದಲು. ಹೆಮ್ಮೆಯಿಂದ ಹಳೆಯ ಪ್ರಾಜೆಕ್ಟು ತೆಗೆದು, ಅದೇ ಲೆಕ್ಕದ ದಾರಿಯನ್ನು ಕಂಪ್ಯೂಟರಿಗೆ ಹಾಕಿ, ಆಫೀಸಿನ ಕಿರಿಯ ಎಂಜಿನಿಯರಿಗೆ "ಅಂಕಿ ತುಂಬಿಸಿ ಕೊಡಪ್ಪ" ಅಂದಿದ್ದಳು. ಬಹುಮಾನದ ಲೆಕ್ಕ ತಾನೇ. ಮೇಲೆ ಇವಳ ಮೊಹರು ಬಿತ್ತು. ಮೊಹರು ನೋಡಿದವರು ಒಳಗಿನ ಪುಟ ನೋಡಲಿಲ್ಲ. ಗ್ಯಾಲರಿ ತೆರೆದು ಎಂಟು ತಿಂಗಳಾಗಿತ್ತು.

ಮೂವತ್ತೊಂದರಲ್ಲಿ ತಪ್ಪಿದ್ದರೆ ಆ ತಪ್ಪು ಈಗ ಕಾಗದದ ಮೇಲಿಲ್ಲ. ಅದರ ಮೇಲೆ ಜನ ಕೂತಿದ್ದಾರೆ.

ಅವಳು ಆಫೀಸಿನ ಕಿರಿಯನಿಗೆ ಫೋನು ಮಾಡಿದಳು. "ಈಜುಕೊಳದಲ್ಲಿ ಇವತ್ತು ಏನಾದ್ರೂ ಇದೆಯಾ?"

"ಶಾಲೆಗಳ ಪಂದ್ಯ ಮೇಡಂ, ಮಧ್ಯಾಹ್ನದಿಂದ. ಮೊದಲನೇ ದೊಡ್ಡ ಪಂದ್ಯ. ನಮ್ಮ ಗ್ಯಾಲರಿ ಫುಲ್ ಅಂತೆ!" ಅಂದ, ಖುಷಿಯಿಂದ.

ಅಲ್ಲಿಂದ ಶುರುವಾಯಿತು ನೋಡಿ. ಮಂಚದ ಕೆಳಗಿನ ಟ್ರಂಕು ಎಳೆದಳು. ಗಂಡನ ಹಳೆಯ ಪರೀಕ್ಷಾ ಪತ್ರಿಕೆ, ಒಂದು ಕಾಲಿನ ಸ್ಕೇಟು, ಯಾರದ್ದೋ ಮದುವೆಯ ಫೋಟೊ, ಎಲ್ಲ ಹೊರಗೆ ಬಂತು. ಅತ್ತೆ ಬಾಗಿಲಲ್ಲಿ ನಿಂತು, "ಏನು ಕಳ್ಕೊಂಡೆ?" ಅಂದರು. "ಒಂದು ಚುಕ್ಕಿ ಅತ್ತೆ," ಅಂದಳು. ಅತ್ತೆ ಸೊಸೆಯ ಹಣೆ ಮುಟ್ಟಿ ನೋಡಿ ಒಳಗೆ ಹೋದರು.

ಪುಸ್ತಕ ತಳದಲ್ಲಿತ್ತು. ಮೂವತ್ತೊಂದನೇ ಪುಟ ತೆಗೆದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಚುಕ್ಕಿ ಇರಲಿಲ್ಲ. ಪೆನ್ಸಿಲಿನ ಮೊನೆ ಒತ್ತಿದ ಕುಳಿ ಇತ್ತು. ರಬ್ಬರಿಗೆ ಕುಳಿ ಅಳಿಸಲು ಬರುವುದಿಲ್ಲ.

ಮೊದಲಿಂದ ಕೂಡಿಸಿದಳು. ಸರಿ. ಗುಣಿಸಿದಳು. ಸರಿ. ಅಡುಗೆಮನೆಗೆ ಹೋಗಿ ನೀರು ಕುಡಿದಳು, ಬಂದಳು, ಮತ್ತೆ ಕೂಡಿಸಿದಳು. ಪುಟದಲ್ಲಿ ಇದ್ದದ್ದಾದರೂ ಎಷ್ಟು? ಒಂದು ಉಕ್ಕಿನ ತೊಲೆ. ಹಿಂದಿನ ತುದಿ ಗೋಡೆಯ ಮೇಲೆ, ನಡುವೆ ಒಂದು ಕಂಬ, ಕಂಬದಿಂದ ಮುಂದಕ್ಕೆ ಬರೀ ಗಾಳಿಯಲ್ಲಿ ಚಾಚಿದ ಭಾಗ. ತೊಲೆಯ ಮೇಲೆ ಉದ್ದಕ್ಕೂ ಜನರ ಭಾರ. ಒಂದು ಇಂಚೂ ಖಾಲಿ ಬಿಡದೆ ಜನ ತುಂಬಿಸಿ ಲೆಕ್ಕ ಹಾಕಿದ್ದಳು. ಇದಕ್ಕಿಂತ ಹೆಚ್ಚು ಭಾರ ಹೇಗೆ ಬಂದೀತು? ಹಿಂದಿನ ಗೋಡೆಯ ಮೇಲೆ ತೊಲೆ ಭದ್ರವಾಗಿ ಕೂರುತ್ತದೆ, ಆದ್ದರಿಂದ ಅಲ್ಲಿ ಎರಡು ಚಿಕ್ಕ ಬೋಲ್ಟು ಸಾಕು, ಪಕ್ಕಕ್ಕೆ ಸರಿಯದಿರಲಿ ಅಂತ. ಎಲ್ಲ ಸರಿಯಾಗಿಯೇ ಇತ್ತು.

ಹನ್ನೆರಡಾಯಿತು. ಒಂದಾಯಿತು. ಹಜಾರದಿಂದ ಕೋಣೆಗೆ, ಕೋಣೆಯಿಂದ ಹಜಾರಕ್ಕೆ ಎಡತಾಕಿದ್ದೇ ಬಂತು. ಸಂಜೆಗೆ ತೆಗೆದಿಟ್ಟ ಸೀರೆ ಕುರ್ಚಿಯ ಮೇಲೆ ಹಾಗೇ ಇತ್ತು. ಪಂದ್ಯ ಶುರುವಾಗುವುದು ಎರಡಕ್ಕೆ.

ಇನ್ನೊಂದೂ ಕುಟುಕುತ್ತಿತ್ತು. ಪ್ರತಿ ವರ್ಷ, ವರ್ಷದ ಮೊದಲ ವಾರದಲ್ಲಿ, ಮೇಷ್ಟ್ರು ಅವಳಿಗೆ ಫೋನು ಮಾಡುತ್ತಿದ್ದರು. "ಏನಮ್ಮ ಅವಸರ, ಬಿಡುವಾದಾಗ ಒಮ್ಮೆ ಬಾ. ಒಂದು ಪುಟ ನೋಡೋದಿದೆ." ಏನೋ ಪುಸ್ತಕ ಬರೆಯುತ್ತಿರಬೇಕು, ಓದಿಸಲು ಕರೆಯುತ್ತಾರೆ ಅಂದುಕೊಂಡಿದ್ದಳು. "ಬರ್ತೀನಿ ಸರ್," ಅನ್ನುತ್ತಿದ್ದಳು, ಅತ್ತೆಗೆ ಭಾನುವಾರ ಹೇಳಿದ ಹಾಗೇ. ಇಪ್ಪತ್ತಾರು ಸಲ ಹೇಳಿದ್ದಳು.

"ಕೂತ್ಕೊಂಡಾದ್ರೂ ಯೋಚನೆ ಮಾಡೆ, ನನಗೆ ತಲೆ ಸುತ್ತು ಬರ್ತಿದೆ," ಅಂತ ಅತ್ತೆ ಚಹಾದ ಲೋಟ ಕೈಗಿಟ್ಟು, ಬೆಂಚಿನ ಒಂದು ತುದಿಗೆ ತಾವು ಕೂತು, ಇನ್ನೊಂದು ತುದಿಗೆ ಅವಳನ್ನು ಕೂರಿಸಿದರು. ಒಂದು ಗುಟುಕು ಕುಡಿದಿದ್ದಳೋ ಇಲ್ಲವೋ, ಗೋಡೆಯ ಗಡಿಯಾರದಲ್ಲಿ ಒಂದೂ ಕಾಲು ಕಂಡಿತು. ಧಡಕ್ಕನೆ ಎದ್ದಳು. ಏಳ್ತೀನಿ ಅನ್ನಲಿಲ್ಲ.

ಅವಳ ಕಡೆಯ ತುದಿ ಮೇಲಕ್ಕೆ ಹಾರಿತು. ಅತ್ತೆ "ಅಯ್ಯಯ್ಯೋ" ಅನ್ನುತ್ತಾ ಜಾರಿ ನೆಲದ ಮೇಲೆ ಕೂತರು. ಚಹಾ ಗೋಡೆಗೂ ಇವಳ ಬಟ್ಟೆಗೂ ಚಿಮ್ಮಿತು.

"ಹೇಳಿ ಏಳ್ಬಾರ್ದೇನೇ ಮಾರಾಯ್ತಿ! ನೀನಿದ್ದೀಯ ಅಂತ ನಾನು ತುದೀಲಿ ಕೂತಿದ್ದೆ!"

ಅವಳು ಅತ್ತೆಯನ್ನು ಎತ್ತಲಿಲ್ಲ. ಬಾಯಿ ತೆರೆದುಕೊಂಡು ಬೆಂಚನ್ನೇ ನೋಡುತ್ತಾ ನಿಂತಳು.

ಇಬ್ಬರು ಕೂತಾಗ ಭಾರ ಹೆಚ್ಚು. ಬೆಂಚು ಅಲುಗಲಿಲ್ಲ. ಒಬ್ಬಳು ಎದ್ದಾಗ ಭಾರ ಅರ್ಧವಾಯಿತು, ಆಗ ಮಗುಚಿತು.

ಗ್ಯಾಲರಿಯನ್ನು ಪೂರ್ತಿ ತುಂಬಿಸಿದ್ದಳು ಅವಳು. ಹಿಂದಿನ ಸಾಲಿನಲ್ಲಿ ಕೂತವರ ಭಾರವೇ ತೊಲೆಯ ಹಿಂದಿನ ತುದಿಯನ್ನು ಗೋಡೆಗೆ ಒತ್ತಿ ಹಿಡಿದಿತ್ತು. ಅವರು ಎದ್ದು ಮುಂದಿನ ಕಟಕಟೆಗೆ ಓಡಿ ಬಂದರೆ? ಪಂದ್ಯದ ಕೊನೆಯ ಸುತ್ತಿನಲ್ಲಿ ಎಲ್ಲರೂ ಮಾಡುವುದು ಅದನ್ನೇ ಅಲ್ಲವೇ? ಆಗ ಹಿಂದಿನ ತುದಿ ಮೇಲಕ್ಕೇಳುತ್ತದೆ. ತಡೆಯಲು ಇರುವುದು ಎರಡು ಬೋಲ್ಟು. ಅವನ್ನು ಪಕ್ಕಕ್ಕೆ ಸರಿಯದಿರಲಿ ಅಂತ ಹಾಕಿದ್ದು, ಮೇಲಕ್ಕೆಳೆದರೆ ತಡೆಯಲಿ ಅಂತಲ್ಲ. ನೆನಪಿನ ಸಭೆಯ ಆಮಂತ್ರಣದ ಹಿಂಬದಿಯಲ್ಲೇ ಲೆಕ್ಕ ಹಾಕಿದಳು. ಒಂದೊಂದು ತೊಲೆಯನ್ನೂ ಒಂದೂವರೆ ಟನ್ ಬಲ ಮೇಲಕ್ಕೆ ಕೀಳುತ್ತದೆ.

ಮೊದಲ ವರ್ಷದ ಪಾಠ ಇದು. ಹನ್ನೊಂದು ವರ್ಷದಿಂದ ಹಜಾರದಲ್ಲಿ ಬಿದ್ದುಕೊಂಡಿದ್ದ ಪಾಠ.

"ಅತ್ತೆ, ಪೆಟ್ಟಾಯ್ತಾ?"

"ಈಗ ಕೇಳ್ತೀಯಲ್ಲ. ಹೋಗು, ಎಲ್ಲಿಗೆ ಹೋಗ್ಬೇಕೋ ಹೋಗು. ನಿನ್ನ ಮುಖ ನೋಡೋಕಾಗ್ತಿಲ್ಲ."

ಪ್ರಾಜೆಕ್ಟು ಪುಸ್ತಕ ಎತ್ತಿಕೊಂಡು ಕಾರಿಗೆ ಹೋಗುತ್ತಲೇ ಈಜುಕೊಳದ ಮ್ಯಾನೇಜರಿಗೆ ಫೋನು ಹಚ್ಚಿದಳು. ಆ ಕಡೆ ಸೀಟಿ, ಕೂಗಾಟ.

"ಗ್ಯಾಲರಿಯನ್ನ ಇವತ್ತೊಂದಿನ ಮುಚ್ಚೋಕಾಗುತ್ತಾ? ಒಂದು ಚಿಕ್ಕ ತಪಾಸಣೆ ಇದೆ," ಅಂದಳು.

"ಮೇಡಂ, ಮುನ್ನೂರು ಜನ ಬಂದು ಕೂತಾಯ್ತು! ತಪಾಸಣೆ ಸೋಮವಾರ ಇಟ್ಕೊಳ್ಳಿ," ಅಂದು ಇಟ್ಟೇಬಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ.

ಅವನನ್ನು ಬೈದು ಫಲವಿಲ್ಲ. ಹೇಳಬೇಕಾದ ಮಾತು ಬೇರೆ ಇತ್ತು. 'ನಾನು ತಪ್ಪು ಮಾಡಿದ್ದೀನಿ.' ಅದನ್ನು ಬಿಟ್ಟು ತಪಾಸಣೆ ಅಂದಿದ್ದಳು. ಇಪ್ಪತ್ತಾರು ವರ್ಷದ ಹೆಸರು, ಮೊಹರು, ಆಫೀಸಿನ ಬಾಗಿಲ ಮೇಲಿನ ಫಲಕ, ಎಲ್ಲವೂ ಆ ಮಾತಿನ ಹಿಂದೆಯೇ ಉರುಳಿ ಬೀಳುತ್ತವೆ ಅಂತ ಅವಳಿಗೆ ಗೊತ್ತಿತ್ತು.

ಸಿಗ್ನಲ್ಲಿನಲ್ಲಿ ಕೆಂಪು ದೀಪ ಹೋಗಲೊಲ್ಲದು. ಸ್ಟಿಯರಿಂಗ್ ಮೇಲೆ ಬೆರಳು ಕುಟ್ಟುತ್ತಾ ಅವಳಿಗೆ ಸಿಟ್ಟು ಬಂತು. ತನ್ನ ಮೇಲೆ ಬಂದದ್ದು ಸರಿಯೇ, ಮೇಷ್ಟ್ರ ಮೇಲೂ ಬಂತು. ಗೊತ್ತಿತ್ತಲ್ಲ ನಿಮಗೆ! ನಾನು ಅಳಿಸಿದ್ದು ನೋಡಿದ್ರಿ. ಪ್ರತಿ ವರ್ಷ ಫೋನು ಮಾಡಿದ್ರಿ. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು ಸರ್? ಸತ್ತವರ ಜೊತೆ ಕಾರಿನಲ್ಲಿ ಜಗಳವಾಡಿಕೊಂಡೇ ಅವಳು ಈಜುಕೊಳ ತಲುಪಿದಳು.

ಮೊದಲು ಗ್ಯಾಲರಿಯ ಹಿಂಬದಿಗೆ ಓಡಿದಳು. ಗೋಡೆಯ ಮೇಲೆ ತೊಲೆ ಕೂತ ಜಾಗ ಅಲ್ಲಿ ಎದೆಯೆತ್ತರಕ್ಕೇ ಇತ್ತು. ತೊಲೆಯ ಕೆಳಗಿನ ಉಕ್ಕಿನ ಪಟ್ಟಿ, ಪಟ್ಟಿಯ ಅಂಚಿಗೆ ಹಚ್ಚಿದ ಹಸಿರು ಬಣ್ಣ. ಬಣ್ಣ ಕೂದಲೆಳೆಯಷ್ಟು ಬಿರಿದಿತ್ತು. ಮೇಲೆ ಜನ ಕೂಗಿದರು, ಧಡಧಡ ಹೆಜ್ಜೆ ಸಪ್ಪಳ ಮುಂದಕ್ಕೆ ಹೋಯಿತು. ಅವಳ ಕಣ್ಣೆದುರಿಗೇ ಬಿರುಕು ಬಾಯಿಬಿಟ್ಟಿತು. ಉಗುರು ತೂರಿಸಿದಳು. ಹೋಯಿತು. ಹೆಜ್ಜೆ ಸಪ್ಪಳ ಹಿಂದಕ್ಕೆ ಬಂತು. ಉಗುರು ಕಚ್ಚಿಕೊಂಡಿತು.

ಉಗುರಿನ ತುದಿಯಲ್ಲಿ ರಕ್ತ ಇತ್ತು. ಅವಳಿಗೆ ಅದು ಗೊತ್ತಾಗಲಿಲ್ಲ.

ಮ್ಯಾನೇಜರು ಕೊಳದ ಅಂಚಿನಲ್ಲಿ ಮೈಕು ಹಿಡಿದು ನಿಂತಿದ್ದ. ಅವನ ತೋಳು ಹಿಡಿದು ಕಿವಿಯ ಹತ್ತಿರ ಹೇಳಿದಳು. "ನಾನು ತಪ್ಪು ಮಾಡಿದ್ದೀನಿ. ಗ್ಯಾಲರಿ ಹಿಂದೆ ಏಳ್ತಾ ಇದೆ. ಜನರನ್ನ ಇಳಿಸ್ಬೇಕು."

ಒಳ್ಳೆಯ ಮನುಷ್ಯ, ಮರುಮಾತಾಡದೆ ಮೈಕು ಎತ್ತಿದ. "ದಯವಿಟ್ಟು ಎಲ್ಲರೂ ತಕ್ಷಣ ಗ್ಯಾಲರಿಯಿಂದ..."

ಅವಳು ಮೈಕು ಕಿತ್ತುಕೊಂಡಳು.

ಏಕೆಂದರೆ ಮೆಟ್ಟಿಲು ಇದ್ದದ್ದು ಹಿಂದೆ. ಎಲ್ಲರೂ ಏಳಿ ಅಂದರೆ ಬಾಗಿಲ ಹತ್ತಿರವಿರುವ ಹಿಂದಿನವರೇ ಮೊದಲು ಹೋಗುತ್ತಾರೆ. ಒತ್ತಿ ಹಿಡಿದವರು ಹೋದರೆ ಮುಂದಿನವರ ಗತಿ ಅತ್ತೆಯ ಗತಿ.

"ನಾನು ಈ ಗ್ಯಾಲರಿಯ ಎಂಜಿನಿಯರು," ಅಂದಳು. ಅವಳ ಧ್ವನಿ ಕೊಳದ ಮೇಲೆಲ್ಲ ಮೊಳಗಿತು. "ಯಾರೂ ಏಳ್ಬೇಡಿ. ಇದರ ಲೆಕ್ಕ ಮಾಡಿದ್ದು ನಾನು. ಲೆಕ್ಕದಲ್ಲಿ ತಪ್ಪಾಗಿದೆ. ತಪ್ಪು ನನ್ನದೇ. ನಾನು ಹೇಳಿದ ಹಾಗೆ ಇಳಿದ್ರೆ ಯಾರಿಗೂ ಏನೂ ಆಗಲ್ಲ."

ಮುನ್ನೂರು ಜನ ಕೂತಲ್ಲೇ ಕೂತರು. ನೀರಿನಲ್ಲಿದ್ದ ಮಕ್ಕಳೂ ಹಗ್ಗ ಹಿಡಿದುಕೊಂಡು ನಿಂತರು.

"ಹಿಂದಿನ ನಾಲ್ಕು ಸಾಲಿನವರು ಕೂತೇ ಇರಿ. ನಿಮ್ಮಿಂದಲೇ ಇದು ನಿಂತಿದೆ. ಮೊದಲನೇ ಸಾಲಿನವರು ಎದ್ದು, ಓಡದೆ, ಪಕ್ಕದ ದಾರಿಯಿಂದ ಹಿಂದಕ್ಕೆ ಹೋಗಿ ಇಳೀರಿ. ಆಮೇಲೆ ಎರಡನೇ ಸಾಲು."

ಹಾಗೆ ಹೇಳುತ್ತಲೇ ತಾನೂ ಮೆಟ್ಟಿಲು ಹತ್ತಿ, ಕಟ್ಟಕಡೆಯ ಸಾಲಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತಳು. ಮೊದಲ ಸಾಲು ಎದ್ದಿತು. ಅಪ್ಪಂದಿರು ಕೂಸುಗಳನ್ನು ಎತ್ತಿಕೊಂಡರು. ಎರಡನೇ ಸಾಲು ಎದ್ದಿತು. ಅವಳ ಪಕ್ಕದಲ್ಲಿದ್ದ ದಪ್ಪನೆಯ ಮನುಷ್ಯನೊಬ್ಬ, "ಬಾಗಿಲು ಇಲ್ಲೇ ಇದೆ, ನಾವ್ಯಾಕ್ರೀ ಕಡೇಲಿ ಹೋಗ್ಬೇಕು?" ಅಂತ ಅರ್ಧ ಎದ್ದ. ಅವಳು ಅವನ ಶರಟಿನ ತುದಿ ಹಿಡಿದು ಜಗ್ಗಿದಳು. "ಕೂತ್ಕೊಳ್ಳಿ ಅಣ್ಣಾ, ಕೈ ಮುಗೀತೀನಿ. ನಿಮ್ಮಂಥವರು ಇನ್ನೂ ನಾಲ್ಕು ಜನ ಬೇಕು ನನಗೆ." ಅವನು ಗೊಣಗುತ್ತಾ ಕೂತ. ಹಿಂದಿನ ಸಾಲಿನ ಯಾರೋ ನಕ್ಕರು. ಆ ನಗುವಿನಿಂದ ಉಳಿದವರಿಗೂ ಉಸಿರು ಬಂತು.

ಇಪ್ಪತ್ತು ನಿಮಿಷ ಹಿಡಿಯಿತು. ಯಾರಿಗೂ ತರಚು ಗಾಯ ಕೂಡ ಆಗಲಿಲ್ಲ. ಎಲ್ಲರೂ ಇಳಿದ ಮೇಲೆ ಇಡೀ ಗ್ಯಾಲರಿಯಲ್ಲಿ ಅವಳೊಬ್ಬಳೇ ಉಳಿದಳು. ಆಮೇಲೆ ಎದ್ದು ಇಳಿದಳು.

ಕೆಳಗೆ ಬೈಗುಳ ಕಾದಿತ್ತು. ಒಬ್ಬ ತಾಯಿ, "ನನ್ನ ಮಗಳು ಮುಂದಿನ ಸಾಲಲ್ಲಿದ್ಲು ಗೊತ್ತಾ ನಿಮಗೆ?" ಅಂತ ಅವಳ ಮುಖದೆದುರು ಬೆರಳಾಡಿಸಿದಳು. "ಗೊತ್ತು. ತಪ್ಪಾಯ್ತು," ಅಂದಳು. ಗ್ಯಾಲರಿಗೆ ಬೀಗ ಹಾಕಿಸಿದಳು. ತನ್ನ ಕೈಯಾರೆ ನಾಲ್ಕು ಸಾಲು ಬರೆದು, ತಪ್ಪು ಯಾರದು ಅಂತಲೂ ಬರೆದು, ಸಹಿ ಹಾಕಿ ಮ್ಯಾನೇಜರಿಗೆ ಕೊಟ್ಟಳು. ಅವನು ಎರಡು ಸಲ ಓದಿ, "ಇಷ್ಟು ಬಿಚ್ಚಿ ಬರೀಬೇಕಾ ಮೇಡಂ?" ಅಂದ. "ಬರೀಬೇಕು," ಅಂದಳು.

ಕಾಲೇಜಿಗೆ ಬಂದಾಗ ಐದು ದಾಟಿತ್ತು. ತೊಟ್ಟದ್ದು ಬೆಳಗಿನ ಬಟ್ಟೆಯೇ, ಅದರ ಮೇಲೆ ಚಹಾದ ಕಲೆ. ಸಭಾಂಗಣದಲ್ಲಿ ಮೇಷ್ಟ್ರನ್ನು ಹೊಗಳುವ ಕೆಲಸ ಮುಗಿಯುತ್ತಾ ಬಂದಿತ್ತು. ವೇದಿಕೆಯ ಮೇಲೆ ಅವರ ಫೋಟೊ, ಜೇಬಿನಲ್ಲಿ ಪೆನ್ಸಿಲು ಸಮೇತ. ಮೇಷ್ಟ್ರ ಮಗಳು ಮೊದಲ ಸಾಲಿನಲ್ಲಿ ಪಕ್ಕದ ಕುರ್ಚಿ ತೋರಿಸಿ, "ಬರಲ್ವೇನೋ ಅಂದ್ಕೊಂಡೆ," ಅಂದಳು.

ಹೆಸರು ಕೂಗಿದರು. ಅವಳು ಪ್ರಾಜೆಕ್ಟು ಪುಸ್ತಕ ಹಿಡಿದುಕೊಂಡು ವೇದಿಕೆ ಹತ್ತಿದಳು. ಚುಕ್ಕಿ ಅಳಿಸಿದ್ದು ಹೇಳಿದಳು. ಈಜುಕೊಳದ ಕಥೆ ಹೇಳಿದಳು. ಬೆಂಚಿನ ಮಾತು ಬಂದಾಗ ನಕ್ಕವರು ಬಿರುಕಿನ ಮಾತಿಗೆ ನಗು ನುಂಗಿಕೊಂಡರು. "ಮೇಷ್ಟ್ರ ಮೇಲೆ ನನಗೆ ಇವತ್ತು ಸಿಟ್ಟು ಬಂತು. ಇನ್ನೂ ಇದೆ. ಹೇಳ್ಬೇಕಾಗಿತ್ತು ಅವರು," ಅಂದಳು. ಸಭೆಯಲ್ಲಿ ಗುಸುಗುಸು ಎದ್ದಿತು. ನೆನಪಿನ ಸಭೆಯಲ್ಲಿ ಹೀಗೆ ಮಾತಾಡುವುದುಂಟೇ? ಅವಳು ಮೂವತ್ತೊಂದನೇ ಪುಟ ತೆಗೆದು, ಹಳೆಯ ಕುಳಿಯೊಳಕ್ಕೇ ಪೆನ್ಸಿಲಿನ ಮೊನೆ ಊರಿ, ಚುಕ್ಕಿಯನ್ನು ವಾಪಸ್ ಇಟ್ಟಳು. ಇಳಿದು ಬಂದು ಕೂತಳು. ಚಪ್ಪಾಳೆ ಹೊಡೆಯಬೇಕೋ ಬೇಡವೋ ಯಾರಿಗೂ ಗೊತ್ತಾಗಲಿಲ್ಲ.

ಮೇಷ್ಟ್ರ ಮಗಳು ಚೀಲದಿಂದ ಅಪ್ಪನ ಪುಸ್ತಕ ತೆಗೆದು ಇವಳ ತೊಡೆಯ ಮೇಲಿಟ್ಟಳು.

"ಕೊನೇ ಪುಟ ನನಗೆ ಅರ್ಥ ಆಗಿರ್ಲಿಲ್ಲ. ಈಗ ಆಯ್ತು. ನೀವೇ ಓದಿ."

ಹಿಂದಿನ ಪುಟಗಳ ಅಕ್ಷರವೆಲ್ಲ ಪುಟ್ಟದಾಗಿ, ಅಚ್ಚುಕಟ್ಟಾಗಿ ಇತ್ತು. ಕೊನೆಯ ಪುಟದ್ದು ಕೈ ನಡುಗುವವರ ಅಕ್ಷರ. ತಾರೀಖು ಎರಡು ತಿಂಗಳ ಹಿಂದಿನದು, ಆಸ್ಪತ್ರೆಗೆ ಸೇರುವ ಮೊದಲಿನದು. ಶಿಷ್ಯರ ಹೆಸರು ಬರೆಯುವ ಜಾಗದಲ್ಲಿ 'ನಾನು' ಅಂತ ಬರೆದಿದ್ದರು. ಪಕ್ಕದಲ್ಲಿ: 'ಅವಸರಳ ಮೂವತ್ತೊಂದು. ತಾನೇ ಬರಲಿ ಅಂತ ಕಾದು ಕೂತೆ. ಹೇಳಬೇಕಿತ್ತು.'

ಅದರ ಮುಂದೆ ಒಂದು ಚುಕ್ಕಿ ಇತ್ತು.

ಬೆಳಿಗ್ಗೆಯಿಂದ ಒಂದು ಗಳಿಗೆಯೂ ನಿಲ್ಲದ ಕಾಲು ಈಗ ನಿಂತಿತು. ಅಳು ಬಂತು, ತಡೆಯಲಿಲ್ಲ. ಮೇಷ್ಟ್ರ ಮಗಳು ಬೆನ್ನ ಮೇಲೆ ಕೈಯಿಟ್ಟಳು. ಬಹಳ ಹೊತ್ತಿನ ಮೇಲೆ ಇವಳು ಮೂಗು ಒರೆಸಿಕೊಂಡು, ಪೆನ್ಸಿಲು ತೆಗೆದು, 'ನಾನು' ಅನ್ನುವ ಸಾಲಿನ ಮೇಲೆ ನೆಟ್ಟಗೆ ಒಂದು ಗೀಟು ಎಳೆದಳು. ಪುಟ ಹಿಂದಕ್ಕೆ ತಿರುವಿ 'ಅವಸರ, ಮೂವತ್ತೊಂದು' ಇದ್ದಲ್ಲಿಗೆ ಬಂದಳು. ನೋಡಿದಳು. ಪೆನ್ಸಿಲು ಜೇಬಿಗೆ ಹಾಕಿಕೊಂಡಳು.

"ನಿಮ್ಮದಕ್ಕೆ ಹಾಕಲ್ವಾ?" ಅಂದಳು ಮೇಷ್ಟ್ರ ಮಗಳು.

"ಆ ಬೋಲ್ಟು ಬದಲಾಯಿಸಿ, ಗ್ಯಾಲರಿ ತುಂಬಾ ಜನ ಮುಂದಕ್ಕೆ ಬಂದು ನಿಂತ ಮೇಲೆ. ಅಲ್ಲೀವರೆಗೆ ಪುಸ್ತಕ ನಿನ್ನ ಹತ್ರ ಇರ್ಲಿ. ನಾನೇ ಬಂದು ಕೇಳ್ತೀನಿ. ನಾನು ಬರದಿದ್ರೆ ನೀನು ಫೋನ್ ಮಾಡಿ ಬೈಯಬೇಕು. ಬಾಯಿಬಿಟ್ಟು ಬೈಯಬೇಕು."

"ಬೈತೀನಿ," ಅಂದಳು ಅವಳು.

ಜನ ಕರಗುತ್ತಿದ್ದರು. ಅವಳಿಗೆ ಮನೆಯ ನೆನಪಾಯಿತು. ಅತ್ತೆಯ ಸೊಂಟ ಹೇಗಿದೆಯೋ, ನಾಳೆ ಭಾನುವಾರ, ಬೆಂಚಿನ ಕಾಲು ಕಿತ್ತು ತುದಿಗೆ ಹಾಕಿಸಬೇಕು. ಪುಸ್ತಕವನ್ನು ಮೇಷ್ಟ್ರ ಮಗಳ ಕೈಗೆ ಕೊಟ್ಟಳು. ಅವಳ ಕುರ್ಚಿ ಬೇರೆ, ಇವಳ ಕುರ್ಚಿ ಬೇರೆ, ನಾಲ್ಕು ಕಾಲಿನ ಗಟ್ಟಿ ಕುರ್ಚಿಗಳು. ಆದರೂ ಪಕ್ಕಕ್ಕೆ ತಿರುಗಿ ಅವಳ ಮುಖ ನೋಡಿ, "ಏಳ್ತೀನಿ," ಅಂದು ಎದ್ದಳು.